ಪರದೇಶಿ ಮಕ್ಕಳು

ನಮ್ಮ ಕಡೆಯ ಆಡುಮಾತಿನಲ್ಲಿ 'ಪರದೇಶಿ' ಎಂಬ ಶಬ್ದಕ್ಕೆ ಬೇರೆ ನಾಡಿನವನೆಂಬ ಅರ್ಥಕ್ಕಿಂತ ಹಿಂದುಮುಂದಿಲ್ಲದವನೆಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ತಾಯಿತಂದೆಗಳಿಬ್ಬರೂ ತೀರಿಹೋದ ಕೂಸನ್ನು ಕಂಡು 'ಪಾಪ, ಪರದೇಶಿ ಆತು' ಎಂದು ಹಾವೇರಿಯ ಮುದುಕಿ ಮರುಗುತ್ತಾಳೆ. ಆ ಕೂಸು ತಾನು ಹುಟ್ಟಿದ ಓಣಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಟ್ಟಿರುವುದಿಲ್ಲ. ಆದರೂ ಅದು ಪರದೇಶಿ. ನಿಘಂಟಿನವರು ಇದನ್ನು ಅರ್ಥಾಂತರವೆಂದು ಗುರುತಿಸಿ ಮುಂದಿನ ಶಬ್ದಕ್ಕೆ ಹೋಗಬಹುದು. ಆದರೆ ಈ ಶಬ್ದವನ್ನು ಹೀಗೆ ತಿರುಗಿಸಿದ ಜನಕ್ಕೆ ಒಂದು ಸತ್ಯ ತಿಳಿದಿತ್ತೆಂದು ತೋರುತ್ತದೆ: 'ಇದು ನಮ್ಮ ಹುಡುಗ' ಎಂದು ಹೇಳುವವರಿಲ್ಲದ ಮೇಲೆ ಮನುಷ್ಯನಿಗೆ ಹುಟ್ಟಿದ ಊರೇ ಪರದೇಶವಾಗುತ್ತದೆ.

ಕಳೆದ ಚಳಿಗಾಲದ ಒಂದು ಗುರುವಾರ ಸಂಜೆ ಬ್ಯಾಡಗಿಯ ರೈಲು ನಿಲ್ದಾಣದಲ್ಲಿ ಹಾವೇರಿಯ ಕಡೆಗೆ ಹೋಗುವ ಗಾಡಿಯನ್ನು ಕಾಯುತ್ತ ಕುಳಿತಿದ್ದೆ. ಗುರುವಾರ ಮೆಣಸಿನಕಾಯಿಯ ಪೇಟೆಯ ದಿನ. ನಿಲ್ದಾಣದವರೆಗೂ ಗಾಳಿಯಲ್ಲಿ ಕಾರದ ಘಾಟು ಇತ್ತು. ಒಂಬತ್ತು ಹತ್ತು ವರುಷದ ಹುಡುಗನೊಬ್ಬ ಅರ್ಧ ತುಂಬಿದ ಗೋಣಿಚೀಲವೊಂದನ್ನು ಎಳೆದುಕೊಂಡು ಬಂದು ನಾನು ಕುಳಿತ ಕಲ್ಲುಹಾಸಿನ ಇನ್ನೊಂದು ತುದಿಗೆ ಕುಳಿತ. ಕಣ್ಣು ಕೆಂಪಾಗಿದ್ದವು. ಮೇಲಿಂದ ಮೇಲೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ.

"ಚೀಲದಾಗ ಏನೈತೋ?" ಎಂದೆ.

"ಕಾಯಿ ರೀ."

"ಎಲ್ಲೀವು?"

"ಪ್ಯಾಟ್ಯಾಗ ಕೆಳಗ ಬಿದ್ದಿದ್ದುವು ರೀ. ಆರಿಸೇನ್ರೀ. ಕಳವು ಮಾಡಿಲ್ರೀ."

ಕಳವಿನ ಮಾತನ್ನು ನಾನು ಎತ್ತಿರಲಿಲ್ಲ. ನನ್ನ ಪ್ರಶ್ನೆಯ ಧ್ವನಿಯಲ್ಲಿ ಅದು ಅವನಿಗೆ ಕೇಳಿಸಿತ್ತು. ಹತ್ತು ರೂಪಾಯಿಯ ನೋಟೊಂದನ್ನು ಕೊಟ್ಟೆ, ಅವನು ತೆಗೆದುಕೊಂಡ, ಗಾಡಿ ಬಂತು, ನಾನು ಹತ್ತಿದೆ. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು "ಯಾವೂರಾತ್ರೀ ನಿಮ್ಮದು?" ಎಂದು ಆರಂಭಿಸಿ, ಮುಂದಿನ ನಿಲ್ದಾಣ ಬರುವುದರೊಳಗೆ ನನ್ನ ಊರು, ಮನೆತನ, ತಂದೆಯವರ ಹೆಸರು, ನನ್ನ ಪಗಾರ, ಮಕ್ಕಳೆಷ್ಟು, ಏನು ಓದುತ್ತಾರೆ ಎಂಬುದನ್ನೆಲ್ಲ ತಿಳಿದುಕೊಂಡುಬಿಟ್ಟರು. ನಮ್ಮ ಸೀಮೆಯ ಈ ಪದ್ಧತಿಯನ್ನು ಪಟ್ಟಣದವರು ಅಧಿಕಪ್ರಸಂಗವೆನ್ನಬಹುದು. ನನಗೆ ಅದು ಯಾವಾಗಲೂ ಹಿತವೇ. ಆದರೆ ಅಂದು ಅದು ಮನಸ್ಸನ್ನು ಚುಚ್ಚಿತು. ಯಾಕೆಂದರೆ, ಅಪರಿಚಿತನಾದ ಯಾವ ಮನುಷ್ಯನಿಗೂ ನಾವು ಮೊದಲು ಕೇಳುವ ಆ ಒಂದು ಪ್ರಶ್ನೆಯನ್ನು ನಾನು ಆ ಹುಡುಗನಿಗೆ ಕೇಳಿರಲಿಲ್ಲ. ಚೀಲದ ಊರನ್ನು ಕೇಳಿದ್ದೆ. ಅವನ ಊರನ್ನು ಕೇಳಲಿಲ್ಲ.

ಮುಂದಿನ ಸೋಮವಾರ, ಅದೂ ಪೇಟೆಯ ದಿನವೇ, ಹುಡುಕಿಕೊಂಡು ಹೋದೆ. ಚಹದಂಗಡಿಯವನು, "ಯಾವ ಹುಡುಗ್ರೀ ಸರ? ಇಂಥಾವು ಭಾಳ ಬರ್ತಾವು, ಹೋಗ್ತಾವು" ಎಂದ. ಮಕ್ಕಳಿಗೆ ನಪುಂಸಕಲಿಂಗವನ್ನು ಹಚ್ಚಿ ಮಾತನಾಡುವುದು ನಮ್ಮ ಭಾಷೆಯಲ್ಲಿ ಅಕ್ಕರೆಯ ಲಕ್ಷಣ. ನಮ್ಮ ಮನೆಯ ಮಕ್ಕಳೂ 'ಬರ್ತಾವು, ಹೋಗ್ತಾವು' ತಾನೆ? ಆದರೆ ಚಹದಂಗಡಿಯವನ ವ್ಯಾಕರಣದಲ್ಲಿ ಅಕ್ಕರೆಯಿರಲಿಲ್ಲ. ಹಾಗೆಂದು ಅವನನ್ನು ನಿಂದಿಸುವ ಅಧಿಕಾರ ನನಗೂ ಇರಲಿಲ್ಲ.

ಬೀದಿಯ ಮಕ್ಕಳೆಂದರೆ ಮುಂಬಯಿ, ಬೆಂಗಳೂರುಗಳಂಥ ಮಹಾನಗರಗಳ ಸಂಗತಿಯೆಂದು ನಾವು ಬಹುದಿನ ತಿಳಿದುಕೊಂಡಿದ್ದೆವು. ಚಿತ್ರಪಟಗಳೂ ಕಾದಂಬರಿಗಳೂ ಹಾಗೆಯೇ ತೋರಿಸಿವೆ. ಡಿಕನ್ಸ್ ಮಹಾಶಯನ ಆಲಿವರ್ ಟ್ವಿಸ್ಟ್ ಕಳೆದುಹೋಗುವುದಕ್ಕೆ ಲಂಡನ್ನಿನಷ್ಟು ದೊಡ್ಡ ನಗರವೇ ಬೇಕಾಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಂಥ, ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ ಮಗುವೊಂದು ಕಳೆದುಹೋಗುವುದೆಂತು? ಆದರೆ ಈ ಮೂರು ಊರುಗಳೂ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಒಂದೇ ರೈಲುದಾರಿಯ ಮೇಲಿವೆ. ಹಾವೇರಿ, ರಾಣೆಬೆನ್ನೂರುಗಳನ್ನು ಹೆದ್ದಾರಿಯೂ ಮುಟ್ಟಿಕೊಂಡು ಹೋಗುತ್ತದೆ. ಬ್ಯಾಡಗಿಗೆ ಮೋಟೆಬೆನ್ನೂರಿನಲ್ಲಿ ಹೊರಳಬೇಕು, ಅಷ್ಟೆ. ಮನೆಯಲ್ಲಿ ಪೆಟ್ಟು ತಿಂದ ಹುಡುಗ ಸಂಜೆಯ ಗಾಡಿ ಹತ್ತಿದರೆ ರಾತ್ರಿಯೊಳಗೆ ಹುಬ್ಬಳ್ಳಿಯ ಜಂಕ್ಷನ್ನಿನಲ್ಲಿರುತ್ತಾನೆ, ಇಲ್ಲವೆ ದಾವಣಗೆರೆಯಲ್ಲಿ. ಅಲ್ಲಿಂದ ಹೊರಟವನು ಇಲ್ಲಿ ಇಳಿಯುತ್ತಾನೆ. ಮಹಾನಗರದ ಬೀದಿಯ ಮಗು ಎಲ್ಲೋ ಒಂದು ರಾಣೆಬೆನ್ನೂರಿನಿಂದಲೇ ಹೊರಟಿರುತ್ತದೆ.

ಈ ಮಕ್ಕಳೆಲ್ಲರೂ ಒಂದೇ ಬಗೆಯವರಲ್ಲ. ಬಲ್ಲವರು ಇವರಲ್ಲಿ ಹಗಲೆಲ್ಲ ಬೀದಿಯಲ್ಲಿ ದುಡಿದು ರಾತ್ರಿ ತಾಯಿಯ ಮಗ್ಗುಲಿಗೆ ಮರಳುವವರನ್ನೂ, ಬೀದಿಯನ್ನೇ ಮನೆ ಮಾಡಿಕೊಂಡವರನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಎರಡನೆಯವರ ಸಂಖ್ಯೆ ಎಲ್ಲೆಡೆಯೂ ಕಡಿಮೆಯೇ. ಆದರೆ ಮೊದಲನೆಯ ಗುಂಪಿನಿಂದ ಎರಡನೆಯದಕ್ಕೆ ದಾರಿ ಬಹಳ ದೂರವಿಲ್ಲ. ತಂದೆ ಸಾಯುವುದು, ತಾಯಿ ಹಾಸಿಗೆ ಹಿಡಿಯುವುದು, ಕುಡುಕನ ಹೊಡೆತ, ಒಂದು ಹಂಗಾಮಿನ ಶಾಲೆ ತಪ್ಪುವುದು, ಇಷ್ಟು ಸಾಕು. ಮೂರನೆಯದೊಂದು ಬಗೆಯೂ ನಮ್ಮಲ್ಲಿ ಉಂಟು. ಊರಾಚೆಯ ಬಯಲಿನಲ್ಲಿ ಗುಡಾರ ಹಾಕಿಕೊಂಡ ಅಲೆಮಾರಿಗಳ ಮಕ್ಕಳಿಗೆ ತಾಯಿತಂದೆಗಳಿದ್ದಾರೆ, ಒಲೆಯಿದೆ, ಹಾಡಿದೆ, ಮನೆಯೊಂದಿಲ್ಲ. ಹೆಳವರನ್ನು ನೋಡಿರಿ: ಎತ್ತಿನ ಮೇಲೆ ಬಂದು ನಮ್ಮ ನಮ್ಮ ಮನೆತನಗಳ ಏಳೆಂಟು ತಲೆಮಾರುಗಳನ್ನು ಬಾಯಿಪಾಠವಾಗಿ ಹೇಳಿ ಕಾಳುಕಡಿ ಪಡೆದುಹೋಗುತ್ತಿದ್ದ ಜನ. ಊರಿನವರೆಲ್ಲರ ವಂಶಾವಳಿಯನ್ನು ಹೊತ್ತು ತಿರುಗಿದ ಅಂಥ ಕುಲದ ಮಗುವೂ ಶಾಲೆಯ ಬಾಗಿಲಿಗೆ ಬಂದಾಗ ಜನನದ ದಾಖಲೆ ತೋರಿಸೆಂದು ಕೇಳಿಸಿಕೊಳ್ಳಬೇಕಾಗುತ್ತದೆ.

ಬ್ಯಾಡಗಿಯ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಅಲ್ಲಿಯ ಕಡ್ಡಿ, ಡಬ್ಬಿ ಮೆಣಸಿನಕಾಯಿಗಳ ಬಣ್ಣಕ್ಕೆ ದೇಶಾಂತರಗಳಲ್ಲಿ ಹೆಸರಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಡಿಸೆಂಬರಿನಿಂದ ಬೇಸಿಗೆಯವರೆಗೆ ಬಳ್ಳಾರಿ, ರಾಯಚೂರುಗಳಿಂದ, ಆಂಧ್ರದ ಕರ್ನೂಲಿನಿಂದ ಕೂಡ ಕಾಯಿ ಬಂದು ಬೀಳುತ್ತದೆ. ಹಂಗಾಮು ಏರಿದಾಗ ಒಂದೇ ದಿನಕ್ಕೆ ಲಕ್ಷವನ್ನು ಮೀರಿ ಚೀಲಗಳು ಬರುವುದುಂಟು. ಆ ಕೆಂಪು ರಾಶಿಗಳ ಸುತ್ತ ಸಾವಿರಾರು ಹೆಣ್ಣುಮಕ್ಕಳು ಕುಳಿತು ಕಾಯನ್ನು ಆರಿಸುತ್ತಾರೆ, ತುಂಬು ಬಿಡಿಸುತ್ತಾರೆ. ತಾಯಿ ರಾಶಿಯ ಮುಂದೆ ಕುಳಿತರೆ ಮಗು ಎಲ್ಲಿ ಕುಳಿತುಕೊಳ್ಳಬೇಕು? ಬಗಲಲ್ಲೇ. ಮೊದಲು ಆಟಕ್ಕೆ ಒಂದೆರಡು ತೊಟ್ಟು ಕೀಳುತ್ತದೆ. ಮುಂದಿನ ವರುಷ ಅದರ ಕೈ ಕೆಲಸಕ್ಕೆ ಪಳಗುತ್ತದೆ. ಅದರ ಮುಂದಿನ ವರುಷ ಹಂಗಾಮಿನ ನಾಲ್ಕು ತಿಂಗಳು ಹಾಜರಿಯ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಗೈರುಹಾಜರಿಯ ಗುರುತೇ ಬೀಳುತ್ತ ಹೋಗುತ್ತದೆ. ಜೂನಿನಲ್ಲಿ ಆ ಹೆಸರೇ ಇರುವುದಿಲ್ಲ. ಕಾಯಿ ಮುಟ್ಟಿದ ಕೈಯಿಂದ ಕಣ್ಣು ಉಜ್ಜಿಕೊಂಡ ಮಗು ಎಷ್ಟು ಹೊತ್ತು ಅಳುತ್ತದೆಂಬುದನ್ನು ನಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಹೇಳಿಯಾರು.

2024ರ ಮಾರ್ಚ್ 11ರಂದು ಕಾಯಿಯ ದರ ಕುಸಿದು, ರೈತರ ಸಿಟ್ಟು ಭುಗಿಲೆದ್ದು, ಮಾರುಕಟ್ಟೆಯ ಸಮಿತಿಯ ಆವರಣದಲ್ಲಿ ವಾಹನಗಳು ಸುಟ್ಟುಹೋದುವು. ನಾಡಿನ ಕಣ್ಣೆಲ್ಲ ಬ್ಯಾಡಗಿಯತ್ತ ತಿರುಗಿತು. ರೈತನ ಗೋಳು ಸಣ್ಣದಲ್ಲ, ವಿಚಾರಿಸಿದ್ದು ಯೋಗ್ಯವೇ. ಆದರೆ ವಹಿವಾಟು ಅಸ್ತವ್ಯಸ್ತವಾದ ಆ ದಿನಗಳಲ್ಲಿ ದಿನಗೂಲಿಯ ತಾಯಂದಿರ ಮಕ್ಕಳು ಏನು ಉಂಡರೆಂಬುದನ್ನು ವಿಚಾರಿಸಿದ ವರದಿಯೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ರಾಣೆಬೆನ್ನೂರಿನ ಸುತ್ತ ಹತ್ತಿ ಮತ್ತು ಕಾಯಿಪಲ್ಲೆಗಳ ಸಂಕರ ಬೀಜವನ್ನು ಬೆಳೆಯುವ ಉದ್ಯೋಗ ದೊಡ್ಡದಾಗಿ ಹಬ್ಬಿದೆ. ಹತ್ತಿಯ ಮೊಗ್ಗಿನ ಗಂಡುಭಾಗವನ್ನು ಸಂಜೆ ಉಗುರಿನಿಂದ ಬಿಡಿಸಿ ತೆಗೆದು, ಮರುದಿನ ಮುಂಜಾನೆ ಬೇರೊಂದು ಹೂವಿನ ಪರಾಗವನ್ನು ತಾಗಿಸಬೇಕು. ಒಂದೊಂದು ಹೂವಿಗೂ ಇದೇ ಉಪಚಾರ. ಸಣ್ಣ ಬೆರಳು, ಕಡಿಮೆ ಎತ್ತರ ಈ ಕೆಲಸಕ್ಕೆ ಅನುಕೂಲವೆಂದು ಹೇಳುವವರ ಮಾತನ್ನು ಕೇಳಿದ್ದೇನೆ. ಬೆರಳು ಸಣ್ಣದಾಗಿರುವುದು ಬರೆಯಲು ಕಲಿಯುವ ವಯಸ್ಸಿನ ಗುರುತೆಂದು ಅವರಿಗೆ ತೋರುವುದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿ, ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಕೂಡದೆಂದು ವಿಧಿಸಿದರು. ಆದರೆ ಶಾಲೆಯ ವೇಳೆಯ ಆಚೆ ಮನೆತನದ ಕೆಲಸಕ್ಕೆ ನೆರವಾಗಬಹುದೆಂಬ ಒಂದು ಕಿಂಡಿಯನ್ನು ಉಳಿಸಿಕೊಟ್ಟರು. ಕಿಂಡಿಯೊಳಗೆ ಎಷ್ಟು ಹೊಲಗಳು ತೂರಬಲ್ಲವೆಂಬುದನ್ನು ಹಳ್ಳಿಯ ಶಾಲೆಯ ಮಾಸ್ತರರು ಬಲ್ಲರು.

ಇನ್ನು ನಮ್ಮ ದಾನಧರ್ಮದ ವಿಚಾರ. ಈ ಊರುಗಳ ಜನ ಕರುಣೆಯಿಲ್ಲದವರೆಂದು ಹೇಳಿದರೆ ಸುಳ್ಳಾದೀತು. ಬಸ್ ನಿಲ್ದಾಣದ ಖಾನಾವಳಿಯವನು ಉಳಿದ ರೊಟ್ಟಿ ಕೊಡುತ್ತಾನೆ. ಅಮಾವಾಸ್ಯೆಗೆ, ಹುಟ್ಟುಹಬ್ಬಕ್ಕೆ ಸಿಹಿ ಹಂಚುವವರಿದ್ದಾರೆ. ದೇವರಗುಡ್ಡದ ಜಾತ್ರೆಯಲ್ಲಿ ಹಸಿದವನನ್ನು ಯಾರೂ ಹಿಂದಕ್ಕೆ ಕಳಿಸರು. ಆದರೂ ಈ ಕರುಣೆಯ ಸ್ವರೂಪವನ್ನು ಸ್ವಲ್ಪ ಪರೀಕ್ಷಿಸಬೇಕು. ನಾಣ್ಯ ಕೊಟ್ಟರೆ ಮಗು ಅಂದಿನ ರಾತ್ರಿ ಅದೇ ಕಟ್ಟೆಯ ಮೇಲೆ ಉಳಿಯುತ್ತದೆ. ಎಲ್ಲಿ ನಾಣ್ಯ ಸಿಗುತ್ತದೆಯೋ ಅಲ್ಲಿ ಅದನ್ನು ಕಸಿದುಕೊಳ್ಳುವ ದೊಡ್ಡ ಹುಡುಗನೂ ಸಿಗುತ್ತಾನೆ. ಹಸಿವೆಯನ್ನೂ ಚಳಿಯನ್ನೂ ಮರೆಯಲು ಪಂಕ್ಚರ್ ತಿದ್ದುವ ಅಂಟನ್ನು ಬಟ್ಟೆಗೆ ಹಚ್ಚಿ ಮೂಸುವುದನ್ನು ಕಲಿಸುವ ಗುರುವೂ ಸಿಗುತ್ತಾನೆ. ನನ್ನ ಹತ್ತು ರೂಪಾಯಿ ಏನು ಮಾಡಿತೆಂಬುದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಅದು ಅವನಿಗೆ ಒಂದು ಹೊತ್ತಿನ ಉಪಾಹಾರವನ್ನೂ, ನನಗೆ ಗಾಡಿ ಹತ್ತಲು ಅನುಮತಿಯನ್ನೂ ಕೊಂಡುಕೊಟ್ಟಿತು.

ಕಾಯದೆಯ ಮಾತು ಸಾಹಿತ್ಯದ ಪುಟಕ್ಕೆ ಒಗ್ಗದೆಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಆದರೆ ಈ ಕಾಯದೆಯನ್ನು ಬರೆದವರು ಕೆಲವೆಡೆ ನಮ್ಮ ಕವಿಗಳಿಗಿಂತ ಮೃದುವಾಗಿ ಯೋಚಿಸಿದ್ದಾರೆ. ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, 1924ರಲ್ಲಿ, ಅಲ್ಲಿ ಮಕ್ಕಳ ಕಾಯಿದೆಯೊಂದು ಆಯಿತು. 1986, 2000, 2015, ಹೀಗೆ ಮೂರು ಸಲ ಇಡೀ ದೇಶಕ್ಕೆ ಹೊಸ ಬಾಲನ್ಯಾಯ ಕಾಯ್ದೆಗಳು ಬಂದುವು. ಈಗ ನಡೆಯುತ್ತಿರುವ 2015ರ ಕಾಯ್ದೆಯ ಪ್ರಕಾರ ಮನೆಯಿಲ್ಲದೆ ಬೀದಿಯಲ್ಲಿ ಬಾಳುವ ಮಗು ಅಪರಾಧಿಯಲ್ಲ. ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಪ್ರತಿ ಜಿಲ್ಲೆಗೂ ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು ಇರುವ ಮಕ್ಕಳ ಕಲ್ಯಾಣ ಸಮಿತಿಯಿರಬೇಕು. ಕಂಡ ಮಗುವನ್ನು ಪ್ರಯಾಣದ ಸಮಯ ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗೆ ಅದರ ಮುಂದೆ ಕರೆತರಬೇಕು. ಕರೆತರಬಹುದಾದವರ ಪಟ್ಟಿಯಲ್ಲಿ ಪೊಲೀಸರು, ಅಧಿಕಾರಿಗಳಷ್ಟೇ ಅಲ್ಲ, ಸಾರ್ವಜನಿಕ ಕಳಕಳಿಯುಳ್ಳ ಯಾವ ನಾಗರಿಕನೂ ಇದ್ದಾನೆ; ಕಟ್ಟಕಡೆಗೆ ಮಗು ತಾನಾಗಿಯೇ ಬರಬಹುದೆಂದೂ ಬರೆದಿದ್ದಾರೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ದೇಶಕ್ಕೆಲ್ಲ ಹಬ್ಬಿದ 1098ರ ಸಹಾಯವಾಣಿಗೆ ಕರೆ ಮಾಡಲು ದುಡ್ಡು ಬೇಕಿಲ್ಲ, ಹೆಸರು ಹೇಳಬೇಕೆಂಬ ಕಟ್ಟೂ ಇಲ್ಲ. ಅಂದು ನಿಲ್ದಾಣದಲ್ಲಿ ನನ್ನ ಕಿಸೆಯಲ್ಲಿ ಫೋನು ಇತ್ತು.

ಸಮಿತಿಯೆಂದೊಡನೆ ಬಾಲಮಂದಿರದ ಕಬ್ಬಿಣದ ಬಾಗಿಲು ಕಣ್ಣ ಮುಂದೆ ಬರುವುದು ಸಹಜ. ಬೀದಿಯ ಮಕ್ಕಳು ಆ ಬಾಗಿಲಿಗೆ ಹೆದರಿ ಓಡುವುದೂ ಸುಳ್ಳಲ್ಲ. ಆದರೆ ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯವಾಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಮೊದಲು ಅದರ ಮನೆಯನ್ನು ಹುಡುಕಬೇಕು. ಮನೆ ಬಡತನದಿಂದ ಕುಸಿದಿದ್ದರೆ ಎತ್ತಿ ನಿಲ್ಲಿಸಬೇಕು. 2022ರಿಂದ ನಡೆದ ವಾತ್ಸಲ್ಯ ಯೋಜನೆಯಲ್ಲಿ ಗಂಡನನ್ನು ಕಳೆದುಕೊಂಡ ತಾಯಿಗೆ ಮಗುವನ್ನು ತನ್ನಲ್ಲೇ ಇಟ್ಟುಕೊಂಡು ಓದಿಸಲು ತಿಂಗಳಿಗೆ 4000 ರೂಪಾಯಿ ಸಿಗುವ ಅವಕಾಶವಿದೆ. ಬೆಳಗಿನಿಂದ ಬೈಗಿನವರೆಗೆ ತುಂಬು ಬಿಡಿಸುವ ಎಷ್ಟು ಜನ ತಾಯಂದಿರಿಗೆ ಈ ವಿಷಯ ಗೊತ್ತಿದೆ? ಅರ್ಜಿಯನ್ನು ಯಾರು ಬರೆದುಕೊಡುವರು? ಸರಕಾರದ ಹಣ ಅರ್ಜಿಯಿಲ್ಲದೆ ನಡೆದು ಬರುವುದಿಲ್ಲ. ಅಕ್ಷರ ಬಲ್ಲವರ ಕೆಲಸ ಅಲ್ಲಿಯೇ ಆರಂಭವಾಗುತ್ತದೆ. ಮನೆ ಹುಡುಕುವ ಕೆಲಸ ಆಗದ್ದೂ ಅಲ್ಲ. ರಾಯಚೂರಿನಲ್ಲಿ ಆರಂಭವಾದ 'ಸಾಥಿ' ಎಂಬ ಸಂಸ್ಥೆಯವರು ರೈಲು ನಿಲ್ದಾಣಗಳ ಮಕ್ಕಳೊಡನೆ ಕುಳಿತು ಮಾತನಾಡಿ, ಊರು ಕೇಳಿ, ಮನೆಗೆ ಮುಟ್ಟಿಸುವುದನ್ನೇ ತಮ್ಮ ಮುಖ್ಯ ಕೆಲಸವಾಗಿ ಮಾಡಿಕೊಂಡರು.

ಊರು ಕೇಳುವುದರಲ್ಲಿಯೂ ಎರಡು ಬಗೆಯುಂಟು. ಠಾಣೆಯಲ್ಲಿ ಕೇಳುವ 'ಯಾವೂರಲೇ ನಿಂದು?' ಒಂದು ಬಗೆ. ಗಾಡಿಯಲ್ಲಿ ನನ್ನ ಪಕ್ಕದ ಹಿರಿಯರು ಕೇಳಿದ್ದು ಇನ್ನೊಂದು ಬಗೆ. ರಷ್ಯದ ಅಂತರ್ಯುದ್ಧದ ಕಾಲದಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಮಕ್ಕಳಿಗಾಗಿ 1920ರಲ್ಲಿ ಪೊಲ್ತಾವದ ಹತ್ತಿರ ವಸತಿಯನ್ನು ನಡೆಸಿದ ಮಕರೆಂಕೊ ಎಂಬ ಶಿಕ್ಷಕ, ಬಂದ ಮಕ್ಕಳ ಹಿಂದಿನ ಅಪರಾಧಗಳ ಕಡತವನ್ನು ಓದುವುದನ್ನೇ ಬಿಟ್ಟುಬಿಟ್ಟನಂತೆ. ಮಗುವಿನ ಊರನ್ನು ತಿಳಿಯಬೇಕು, ತಪ್ಪುಗಳ ಲೆಕ್ಕವನ್ನಲ್ಲ. ಅವನ ಪದ್ಧತಿಯ ಸೈನಿಕಶಿಸ್ತನ್ನು ನಾನು ಒಪ್ಪಲಾರೆ. ಈ ಒಂದು ಸೂಕ್ಷ್ಮವನ್ನು ಮಾತ್ರ ಅವನಿಂದ ಕಲಿಯಬೇಕು.

ನಮ್ಮ ನೆಲದಲ್ಲಿಯೇ ಇದಕ್ಕಿಂತ ಹತ್ತಿರದ ನಿದರ್ಶನವಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡು ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕರೆದುಕೊಂಡು ಸಂಗೀತಕ್ಕೆ ಹಚ್ಚಿದರು. ಅವನೇ ಪಂಚಾಕ್ಷರಿ ಗವಾಯಿ. ಪಂಚಾಕ್ಷರಿ ಗವಾಯಿಗಳು ತಾವೂ ಹಾಗೆಯೇ ಮಕ್ಕಳನ್ನು ಕೂಡಿಸಿಕೊಂಡು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನಿಲ್ಲಿಸಿದರು. ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡು ಸೋದರಮಾವನ ಆಸರೆಯಲ್ಲಿದ್ದ, ಅದೇ ತಾಲೂಕಿನ ಇನ್ನೊಬ್ಬ ಹುಡುಗ ಅಲ್ಲಿ ಬೆಳೆದು ಪುಟ್ಟರಾಜ ಗವಾಯಿಗಳಾದ. 2010ರಲ್ಲಿ ತೀರಿಕೊಳ್ಳುವವರೆಗೂ ಇತರರ ಮಕ್ಕಳನ್ನು ಸಾಕಿದ. ಆಶ್ರಮದಲ್ಲಿ ಉಂಡವರೆಲ್ಲ ಗವಾಯಿಗಳಾಗಲಿಲ್ಲ. ಆಗಬೇಕೆಂಬ ಕರಾರಿನ ಮೇಲೆ ಅಲ್ಲಿ ಊಟ ಬಡಿಸಿದ್ದೂ ಅಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಡ ಮಕ್ಕಳಿಗೆ ನೆರವಾಗುವಾಗ ನಾವು ಒಳಗೊಳಗೇ ಪ್ರತಿಭೆಯನ್ನು ಹುಡುಕುತ್ತೇವೆ. 'ಹುಡುಗ ಜಾಣ ಇದ್ದಾನ, ಓದಿಸಬೇಕು' ಎನ್ನುತ್ತೇವೆ. ದಡ್ಡ ಹುಡುಗನಿಗೂ ರಾತ್ರಿ ಚಳಿಯಾಗುತ್ತದೆ.

ಗೋವಿನ ಹಾಡನ್ನು ತರಗತಿಯಲ್ಲಿ ಪಾಠ ಮಾಡುವಾಗ ನಾವೆಲ್ಲ ಪುಣ್ಯಕೋಟಿಯ ಸತ್ಯದ ಮೇಲೆ, ಹುಲಿಯ ಪಶ್ಚಾತ್ತಾಪದ ಮೇಲೆ ಬಹಳ ಹೊತ್ತು ನಿಲ್ಲುತ್ತೇವೆ. ನಡುವೆ ತಾಯಿ ತನ್ನ ಕರುವನ್ನು ದೊಡ್ಡಿಯ ಇತರ ಹಸುಗಳಿಗೆ ಒಪ್ಪಿಸುವ, ಅವು ಒಪ್ಪಿಕೊಳ್ಳುವ ಒಂದು ಪ್ರಸಂಗ ಬರುತ್ತದೆ. ಅದನ್ನು ಬೇಗ ದಾಟಿಬಿಡುತ್ತೇವೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುವುದಿಲ್ಲ. ನಾನೂ ಇಪ್ಪತ್ತು ವರುಷ ಹಾಗೆಯೇ ದಾಟಿದವನು.

ಉಪಾಧ್ಯಾಯ ಬಂಧುಗಳಿಗೆ ಒಂದೆರಡು ಮಾತು. 2010ರ ಏಪ್ರಿಲಿನಿಂದ ಜಾರಿಯಲ್ಲಿರುವ ಶಿಕ್ಷಣದ ಹಕ್ಕಿನ ಕಾಯ್ದೆಯಂತೆ ಆರರಿಂದ ಹದಿನಾಲ್ಕರ ಮಗುವನ್ನು ವಯಸ್ಸಿನ ದಾಖಲೆಯಿಲ್ಲವೆಂದು ಹಿಂದಕ್ಕೆ ಕಳಿಸುವಂತಿಲ್ಲ, ವರ್ಷದ ನಡುವೆ ಬಂದಿತೆಂದು ಕಳಿಸುವಂತಿಲ್ಲ. ಒಂದನ್ನೂ ಓದದ ಹನ್ನೊಂದರ ಹುಡುಗನನ್ನು ಅವನ ವಯಸ್ಸಿನ ತರಗತಿಯಲ್ಲಿಯೇ ಕೂಡಿಸಿ, ಹಿಂದಿನದನ್ನು ಬೇರೆಯಾಗಿ ಕಲಿಸಿಕೊಡಬೇಕು. ಆದರೂ ಹುಡುಗನ ಕೂಡ ಬಂದ ಅಜ್ಜಿಗೆ 'ಕಾಗದ ತೊಗೊಂಡು ಬಾರವ್ವ' ಎಂದು ಹೇಳಿ ಕಳಿಸುವ ದೃಶ್ಯವನ್ನು ನಾನು ಒಂದು ಶಾಲೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಹೇಳಿದವರು ಕೆಟ್ಟವರಲ್ಲ; ಕಾಗದದ ರಾಶಿಯಲ್ಲಿ ಅವರೂ ಮುಳುಗಿದ್ದರು. ಅಜ್ಜಿ ಮತ್ತೆ ಬರಲಿಲ್ಲ. 2020ರ ಮಾರ್ಚಿನಲ್ಲಿ ಮಹಾಮಾರಿಗೆ ಮುಚ್ಚಿದ ಶಾಲೆಗಳು ಚಿಕ್ಕ ತರಗತಿಗಳಿಗೆ ತೆರೆಯುವಾಗ 2021ರ ಅಕ್ಟೋಬರ್ ಆಗಿತ್ತು. ಆ ಒಂದೂವರೆ ವರುಷದಲ್ಲಿ ಅಕ್ಷರ ಮರೆತು ಹೋಟೆಲು, ಗ್ಯಾರೇಜುಗಳಿಗೆ ಸೇರಿದ ಹುಡುಗರಲ್ಲಿ ಎಷ್ಟು ಜನ ಮರಳಿ ಬಂದರೆಂಬುದನ್ನು ತಮ್ಮ ತಮ್ಮ ಹಾಜರಿ ಪುಸ್ತಕಗಳಲ್ಲಿ ನೋಡಿಕೊಳ್ಳಬೇಕು.

ಬ್ಯಾಡಗಿಗೆ ಬೇಕಾದುದು ಹಂಗಾಮಿನ ವಸತಿ. ದುಡಿಯಲು ವಲಸೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿಗಳನ್ನು ತೆರೆಯಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಮಾರುಕಟ್ಟೆಯ ಮಗ್ಗುಲಲ್ಲೇ ಒಂದು ಶಾಲೆ, ಒಂದು ಅಡುಗೆಮನೆ, ಮಲಗಲು ಒಂದು ಸೂರು ಇದ್ದರೆ ತಾಯಿ ಸಂಜೆ ಕೈ ತೊಳೆದುಕೊಂಡು ಬಂದು ಮಗುವನ್ನು ನೋಡಿಹೋಗಬಹುದು. ಇದಕ್ಕೆ ಸರಕಾರದ ಹಣವೊಂದೇ ಸಾಲದಿದ್ದರೆ, ಪ್ರತಿ ಚೀಲದ ಮೇಲೆ ಲಾಭ ಎಣಿಸುವ ವರ್ತಕ ಮಹನೀಯರು ಚೀಲಕ್ಕೆ ಒಂದು ರೂಪಾಯಿಯನ್ನು ತೆಗೆದಿಟ್ಟರೂ ಸಾಕಾದೀತು. ಲಕ್ಷ ಚೀಲ ಬಂದ ದಿನದ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ. ಲೆಕ್ಕದಲ್ಲಿ ಅವರು ನಮಗಿಂತ ಚುರುಕು.

ಕಾಲೇಜುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳನ್ನು ವರುಷಕ್ಕೊಮ್ಮೆ ಹಳ್ಳಿಗೆ ಕರೆದುಕೊಂಡು ಹೋಗಿ ಗಟಾರು ತೆಗೆಸಿ, ಗಿಡ ನೆಡಿಸಿ ಕರೆದುಕೊಂಡು ಬರುತ್ತೇವೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ತಾಯಂದಿರು ಇದೇ ರಾಶಿಗಳ ಮುಂದೆ ಕುಳಿತವರು. ಬೀದಿಯ ಹುಡುಗ ನನ್ನೊಡನೆ ಆಡದ ಮಾತನ್ನು ಅವರೊಡನೆ ಆಡಿಯಾನು. ಬರುವ ಹಂಗಾಮಿಗೆ ಸೋಮವಾರ ಮತ್ತು ಗುರುವಾರ ಮಧ್ಯಾಹ್ನದ ಮೇಲೆ ಇಬ್ಬಿಬ್ಬರಂತೆ ಬ್ಯಾಡಗಿಯ ನಿಲ್ದಾಣದಲ್ಲಿ ಕುಳಿತುಕೊಳ್ಳುವವರು ಯಾರೆಂದು ತರಗತಿಯಲ್ಲಿ ಕೇಳಿದೆ. ಹನ್ನೊಂದು ಜನ ಕೈಯೆತ್ತಿದರು. ಒಬ್ಬ ಹುಡುಗಿ, "ಸರ, ಹೋಗಿ ಮೊದಲು ಏನು ಕೇಳಬೇಕ್ರಿ?" ಎಂದಳು.

"ಹೆಸರು ಕೇಳವ್ವ," ಎಂದೆ. "ಆಮೇಲೆ ಊರು."